ತೊಂದರೆಯೇ ಇಲ್ಲದಾಗ ಗರ್ಭಕೋಶದ ಬಾಯಿಯ ಪರೀಕ್ಷೆ ಯಾಕೆ?

ಪ್ರಶ್ನೆ: ನನಗೆ 41 ವರ್ಷ, ಇಬ್ಬರು ಮಕ್ಕಳು. ಹಾಸನ ಜಿಲ್ಲೆಯ ಹಳ್ಳಿಯಲ್ಲಿದ್ದೇನೆ. ಆಶಾ ಕಾರ್ಯಕರ್ತೆ ಮನೆಗೆ ಬಂದು, ಪಿಎಚ್‌ಸಿಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಇದೆ, ಬನ್ನಿ ಅಂದರು. ನನಗೆ ಯಾವ ತೊಂದರೆಯೂ ಇಲ್ಲ. 5 ವರ್ಷದ ಹಿಂದೆ ಬಿಳಿ ಸೆರಗು ಜಾಸ್ತಿಯಾಗಿ ಪ್ಯಾಪ್ ಸ್ಮಿಯರ್ ಮಾಡಿಸಿದ್ದೆ. ‘ಇನ್‌ಫ್ಲಮೇಟರಿ’ ಅಂತ ರಿಪೋರ್ಟ್ ಬಂತು, ಮಾತ್ರೆ ಕೊಟ್ಟರು. ಆಮೇಲೆ ಹೋಗಿಲ್ಲ. ನನ್ನ ಅಕ್ಕ ಗರ್ಭಕೋಶ ತೆಗೆಸಿಕೊಂಡಿದ್ದಾಳೆ, ನೀನೂ ತೆಗೆಸಿಬಿಡು, ಚಿಂತೆಯೇ ಇರಲ್ಲ ಅಂತಾಳೆ. ಸುಮ್ನೆ ಇರುವ ದೇಹವನ್ನು ಯಾಕೆ ಕೆದಕಬೇಕು? ನೋವಾಗುತ್ತದಾ? ಎಷ್ಟು ವರ್ಷಕ್ಕೊಮ್ಮೆ ಮಾಡಿಸಬೇಕು? 12 ವರ್ಷದ ಮಗಳಿಗೆ ಲಸಿಕೆ ಹಾಕಿಸಬೇಕಾ? ಅತ್ತೆಗೆ 64. ಅವರನ್ನೂ ಕರೆದುಕೊಂಡು ಹೋಗಲಾ? ಮುಟ್ಟು ನಿಂತು ಎಷ್ಟೋ ವರ್ಷವಾಯಿತು, ಈಚೆಗೆ ಒಂದೆರಡು ಸಲ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತಂತೆ. ಉಷ್ಣಕ್ಕೆ ಹಾಗಾಗಿದೆ ಅಂತಾರೆ.

ಉತ್ತರ: ಮೊದಲು ನಿಮ್ಮ ಅತ್ತೆಯ ವಿಷಯ. ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ, ಆದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದ ಮಾತು ಅದೇ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಉಷ್ಣ ಅಂತ ಬಿಡುವ ಹಾಗಿಲ್ಲ. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ. ಒಳಗಿನ ಪದರ ತೆಳುವಾಗಿ ಒಣಗಿರುತ್ತದೆ, ಇಲ್ಲವೇ ಪಾಲಿಪ್ ಅನ್ನುವ ಒಂದು ಸಣ್ಣ ಗಂಟು ಬೆಳೆದಿರುತ್ತದೆ. ಆದರೆ ಹೀಗೆ ರಕ್ತ ಕಂಡವರಲ್ಲಿ ಸುಮಾರು 10 ಮಂದಿಗೆ ಒಬ್ಬರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿರಲೂಬಹುದು. ಅವರನ್ನು ತಪಾಸಣೆಯ ದಿನಕ್ಕೆ ಕಾಯಿಸಬೇಡಿ. ಆ ತಪಾಸಣೆ ಇರುವುದು ಲಕ್ಷಣ ಇಲ್ಲದವರಿಗೆ. ಇದೇ ವಾರ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕರೆದುಕೊಂಡು ಹೋಗಿ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಅಲ್ಲಿ ಒಳಗೆ ನೋಡುತ್ತಾರೆ, ಸ್ಕ್ಯಾನ್ ಮಾಡಿ ಒಳಪದರ ಎಷ್ಟು ದಪ್ಪ ಇದೆ ಅಂತ ಅಳೆಯುತ್ತಾರೆ, ಬೇಕೆನಿಸಿದರೆ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬರೀ ಪ್ಯಾಪ್ ಸ್ಮಿಯರ್ ನಾರ್ಮಲ್ ಬಂತು ಅಂತ ವಾಪಸ್ ಬರಬೇಡಿ. ಈ ವಯಸ್ಸಿನ ರಕ್ತಸ್ರಾವಕ್ಕೆ ಅದೊಂದೇ ಸಾಕಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಸುಮ್ನೆ ಇರುವ ದೇಹಕ್ಕೆ ಪರೀಕ್ಷೆ ಯಾಕೆ ಅಂತ ಕೇಳಿದ್ದೀರಿ. ಈ ಪರೀಕ್ಷೆ ಮಾಡುವುದೇ ಸುಮ್ನೆ ಇರುವ ದೇಹಕ್ಕೆ. ಕ್ಯಾನ್ಸರ್ ಆಗುವುದಕ್ಕೆ 5, 10 ವರ್ಷ ಮೊದಲೇ ಆ ಜಾಗದ ಜೀವಕೋಶಗಳು ಬದಲಾಗಲು ಶುರುವಾಗುತ್ತವೆ. ಆ ಬದಲಾವಣೆಯನ್ನು ಹುಡುಕುವುದೇ ಇದರ ಮುಖ್ಯ ಕೆಲಸ. ಆಗ ನೋವಿರುವುದಿಲ್ಲ, ರಕ್ತ ಹೋಗುವುದಿಲ್ಲ, ವಾಸನೆ ಇರುವುದಿಲ್ಲ. ಹೆಂಗಸಿಗೆ ಗೊತ್ತಾಗುವುದಕ್ಕೆ ಒಂದು ದಾರಿಯೂ ಇರುವುದಿಲ್ಲ. ಆದರೆ ಆ ಹಂತದಲ್ಲಿ ಸಿಕ್ಕರೆ ಕೆಲವೇ ನಿಮಿಷದ ಚಿಕಿತ್ಸೆಯಲ್ಲಿ ವಿಷಯ ಮುಗಿಯುತ್ತದೆ. ಸಂಬಂಧದ ನಂತರ ರಕ್ತ, ಕೆಟ್ಟ ವಾಸನೆಯ ಸ್ರಾವ, ಎರಡು ಮುಟ್ಟಿನ ನಡುವೆ ರಕ್ತ, ಇವೆಲ್ಲ ಕಾಣಿಸುವ ಹೊತ್ತಿಗೆ ಎಷ್ಟೋ ಸಲ ಅದು ಕ್ಯಾನ್ಸರ್ ಆಗಿಹೋಗಿರುತ್ತದೆ. ಸೊಂಟ ನೋವು, ಕಾಲು ಊತ ಬರುವ ಹೊತ್ತಿಗೆ ಇನ್ನೂ ಮುಂದೆ ಹೋಗಿರುತ್ತದೆ.

ಇದಕ್ಕೆ ಕಾರಣ ಎಚ್‌ಪಿವಿ ಅನ್ನುವ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಅದರಲ್ಲಿ 16 ಮತ್ತು 18 ಅನ್ನುವ ಎರಡೇ ಬಗೆ ಜಗತ್ತಿನ ಸುಮಾರು 70 ಶೇಕಡಾ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಇಲ್ಲಿ ನಮ್ಮ ಹೆಂಗಸರು ತಲೆ ತಗ್ಗಿಸಿಬಿಡುತ್ತಾರೆ, ‘ನಾನು ಅಂಥವಳಲ್ಲ’ ಅಂತಾರೆ. ದಯವಿಟ್ಟು ಆ ಮಾತು ಬಿಡಿ. ಮದುವೆಯಾದ, ಒಬ್ಬನೇ ಗಂಡನ ಜೊತೆ ಬದುಕಿದ ಹೆಂಗಸಿಗೂ ಇದು ಬರುತ್ತದೆ. ಲೈಂಗಿಕ ಜೀವನ ಇರುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಂದಲ್ಲ ಒಂದು ಸಲ ಈ ವೈರಸ್ ತಗುಲಿ ಹೋಗಿರುತ್ತದೆ. ಈಗ ಪಾಸಿಟಿವ್ ಬಂದರೆ ಅದು ಯಾವಾಗ ಬಂದದ್ದು ಅಂತ ಯಾರೂ ಹೇಳಲಾರರು. 15 ವರ್ಷದ ಹಿಂದಿನದೂ ಆಗಿರಬಹುದು. ಹಾಗಾಗಿ ರಿಪೋರ್ಟ್ ಹಿಡಿದುಕೊಂಡು ಗಂಡನ ಮೇಲೆ ಅನುಮಾನ ಪಡುವುದಕ್ಕಾಗಲಿ, ಗಂಡ ನಿಮ್ಮ ಮೇಲೆ ಅನುಮಾನ ಪಡುವುದಕ್ಕಾಗಲಿ ಅದರಲ್ಲಿ ಆಧಾರ ಇಲ್ಲ.

ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ದೇಹವೇ ಈ ವೈರಸ್ಸನ್ನು ಒಂದೆರಡು ವರ್ಷದಲ್ಲಿ ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಅದು ಅಲ್ಲೇ ಉಳಿದುಬಿಡುತ್ತದೆ. ಉಳಿದದ್ದು ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ 5ರಿಂದ 10 ವರ್ಷದಲ್ಲೇ ಆಗಬಹುದು. ಅದಕ್ಕೇ ಅವರಿಗೆ ಪರೀಕ್ಷೆ 25ಕ್ಕೇ ಶುರು, ಮತ್ತೆ ಮತ್ತೆಯೂ ಆಗಬೇಕು. ಉಳಿದವರಿಗೆ 30ಕ್ಕೆ ಶುರು. ಇಷ್ಟು ನಿಧಾನವಾಗಿ ಬರುವ ಕ್ಯಾನ್ಸರ್ ಇದು. ಆದರೂ 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಹೊಸದಾಗಿ ಬಂತು, ಸುಮಾರು 80 ಸಾವಿರ ಮಂದಿ ಸತ್ತರು. ಔಷಧಿ ಇಲ್ಲದೆ ಸತ್ತವರಲ್ಲ ಇವರು. ಬಹುಪಾಲು ಮಂದಿ ಒಂದು ಸಲವೂ ಪರೀಕ್ಷೆ ಮಾಡಿಸಿಕೊಳ್ಳದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರನ್ನು ಕೇಳಿದರು. ಬದುಕಿನಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿದ್ದೇವೆ ಅಂದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಈ ಅಂಕಿ ನನಗೆ ನಿಜವಾಗಿಯೂ ಸಂಕಟ ತರುತ್ತದೆ.

ಪರೀಕ್ಷೆ ಮೂರು ಥರ ಇವೆ. ನಿಮ್ಮ ಪಿಎಚ್‌ಸಿಯಲ್ಲಿ ಮಾಡುವುದು ಬಹುಶಃ ವಿಐಎ. ಅಡುಗೆಯ ವಿನೆಗರ್‌ನಲ್ಲಿ ಇರುವ ಅಸಿಟಿಕ್ ಆಸಿಡ್ಡನ್ನೇ ನೀರು ಬೆರೆಸಿ ತೆಳು ಮಾಡಿ ಗರ್ಭಕೋಶದ ಬಾಯಿಗೆ ಹಚ್ಚಿ, ಬಣ್ಣ ಬದಲಾಗುತ್ತದಾ ಅಂತ ಬರಿಗಣ್ಣಿನಲ್ಲಿ ನೋಡುತ್ತಾರೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಎರಡನೆಯದು ನೀವು ಹಿಂದೆ ಮಾಡಿಸಿದ ಪ್ಯಾಪ್ ಸ್ಮಿಯರ್. ಜೀವಕೋಶಗಳನ್ನು ಸವರಿ ತೆಗೆದು ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಕೆಳಗೆ ನೋಡುತ್ತಾರೆ. ಮೂರನೆಯದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ, ವೈರಸ್ ಇದೆಯಾ ಅಂತಲೇ ನೋಡುವುದು. ಮೂರರಲ್ಲಿ ಇದೇ ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಇದನ್ನೇ ಮೊದಲು ಮಾಡಿ ಅನ್ನುತ್ತಿದೆ. ಇದಕ್ಕೆ ಸ್ಯಾಂಪಲ್ಲನ್ನು ಹೆಂಗಸರು ತಾವೇ ಬಾತ್‌ರೂಮಿನಲ್ಲಿ ತೆಗೆದುಕೊಡಬಹುದು, ಯಾರ ಮುಂದೆಯೂ ಮಲಗಬೇಕಿಲ್ಲ. ಆದರೆ ದುಬಾರಿ, ಹಳ್ಳಿಯ ಮಟ್ಟಕ್ಕೆ ಇನ್ನೂ ಸರಿಯಾಗಿ ಬಂದಿಲ್ಲ. ಬರಬೇಕು, ಅದಕ್ಕೆ ಸರ್ಕಾರ ದುಡ್ಡು ಹಾಕಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ವಿಐಎ ಪ್ರಯೋಜನ ಇಲ್ಲವಾ? ಇದೆ, ಆದರೆ ಅದನ್ನು ಮತ್ತೆ ಮತ್ತೆ ಮಾಡಿಸಬೇಕು. ಇದು ನಮ್ಮ ನೆರೆಹೊರೆಯಲ್ಲೇ ಸಾಬೀತಾದ ವಿಷಯ. ಮಹಾರಾಷ್ಟ್ರದ ಉಸ್ಮಾನಾಬಾದ್‌ನಲ್ಲಿ, ಈಗ ಅದು ಧಾರಾಶಿವ, ಸುಮಾರು 1.31 ಲಕ್ಷ ಹಳ್ಳಿ ಹೆಂಗಸರ ಮೇಲೆ ದೊಡ್ಡ ಅಧ್ಯಯನ ನಡೆಯಿತು. 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ 8 ವರ್ಷದಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದೇ ಸಲ ಪ್ಯಾಪ್ ಅಥವಾ ವಿಐಎ ಮಾಡಿದ ಗುಂಪುಗಳಲ್ಲಿ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಆದರೆ ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದೇ ವಿಐಎಯನ್ನು 2 ವರ್ಷಕ್ಕೊಮ್ಮೆಯಂತೆ 4 ಸುತ್ತು ಮಾಡಿದರು. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ಹತ್ತನೇ ತರಗತಿ ಓದಿ ತರಬೇತಿ ಪಡೆದ ಹೆಂಗಸರು. 12 ವರ್ಷದ ಕೊನೆಗೆ ಸಾವು 31 ಶೇಕಡಾ ಕಡಿಮೆಯಾಗಿತ್ತು. ತಮಿಳುನಾಡಿನ ದಿಂಡಿಗಲ್‌ನಲ್ಲಿ ನರ್ಸ್‌ಗಳು ಒಂದೇ ಸಲ ವಿಐಎ ಮಾಡಿದರೂ ಸಾವು ಮೂರರಲ್ಲಿ ಒಂದು ಪಾಲು ಇಳಿಯಿತು. ಅಲ್ಲಿ ಸಂಶಯ ಬಂದವರಿಗೆ ಆದಷ್ಟು ಅದೇ ಭೇಟಿಯಲ್ಲಿ ಚಿಕಿತ್ಸೆಯನ್ನೂ ಕೊಡುತ್ತಿದ್ದರು.

ಎಷ್ಟು ವರ್ಷಕ್ಕೊಮ್ಮೆ ಅನ್ನುವುದು ಇದರ ಮೇಲೆಯೇ ನಿಂತಿದೆ. ಎಚ್‌ಪಿವಿ ನೆಗೆಟಿವ್ ಬಂದರೆ ಕನಿಷ್ಠ 5 ವರ್ಷ ನಿಶ್ಚಿಂತೆ. ಪ್ಯಾಪ್ ಆದರೆ 3 ವರ್ಷಕ್ಕೊಮ್ಮೆ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ವಿಐಎ 5 ವರ್ಷಕ್ಕೊಮ್ಮೆ ಅಂತ ಇದೆ. ನನ್ನನ್ನು ಕೇಳಿದರೆ, ವಿಐಎ ಒಂದೇ ಸಿಗುವ ಕಡೆ 3 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ. ಒಂದು ಸಲ ಏನೂ ಇಲ್ಲ ಅಂತ ಬಂದದ್ದನ್ನು ಬದುಕಿಡೀ ಲೆಕ್ಕಕ್ಕೆ ಇಟ್ಟುಕೊಳ್ಳುವುದು ನಾನು ಪದೇ ಪದೇ ನೋಡುವ ತಪ್ಪು ತಿಳುವಳಿಕೆ. ಪರೀಕ್ಷೆಯ ಕಣ್ಣಿಗೆ ಬೀಳದ್ದು ಇರಬಹುದು, ಆಮೇಲೆ ಹೊಸದಾಗಿ ಶುರುವಾದದ್ದೂ ಇರಬಹುದು.

ನೋವಾಗುತ್ತದಾ ಅಂತ ಕೇಳಿದ್ದೀರಿ. ಏನೇನು ಮಾಡುತ್ತಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಮೊದಲು ಮೂತ್ರ ಮಾಡಿ ಬನ್ನಿ ಅಂತಾರೆ. ಸೀರೆಯನ್ನೋ ನೈಟಿಯನ್ನೋ ಪೂರ್ತಿ ಬಿಚ್ಚಬೇಕಿಲ್ಲ, ಸೊಂಟದವರೆಗೆ ಎತ್ತಿಕೊಂಡರೆ ಸಾಕು, ಮೇಲೆ ಒಂದು ಬಟ್ಟೆ ಹೊದಿಸುತ್ತಾರೆ. ಅಂಗಾತ ಮಲಗಿ ಮಂಡಿ ಮಡಚಿಕೊಳ್ಳಬೇಕು. ಸ್ಪೆಕ್ಯುಲಮ್ ಅನ್ನುವ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಸಾಧನವನ್ನು ಯೋನಿಯೊಳಗೆ ನಿಧಾನಕ್ಕೆ ಇಟ್ಟು ಅಗಲಿಸುತ್ತಾರೆ. ಸ್ಟೀಲಿನದಾದರೆ ತಣ್ಣಗಿರುತ್ತದೆ. ಒತ್ತಿದ ಹಾಗೆ ಅನ್ನಿಸುತ್ತದೆ. ಆಗ ಸೊಂಟ ಬಿಗಿ ಹಿಡಿದರೆ ನೋವು ಜಾಸ್ತಿ, ಬಾಯಿ ತೆರೆದು ಉದ್ದಕ್ಕೆ ಉಸಿರು ಬಿಟ್ಟರೆ ಕಡಿಮೆ. ಲೈಟು ಹಾಕಿದರೆ ಒಳಗೆ ಗರ್ಭಕೋಶದ ಬಾಯಿ ಕಾಣುತ್ತದೆ. ಬೆರಳಿಗೆ ಮೂಗಿನ ತುದಿಯಷ್ಟು ಗಟ್ಟಿ ಸಿಗುತ್ತದೆ, ಬಣ್ಣ ಗುಲಾಬಿ, ನಡುವೆ ಸಣ್ಣ ತೂತು. ಹತ್ತಿಯಲ್ಲಿ ಆ ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಸ್ವಲ್ಪ ಚುರುಗುಟ್ಟಬಹುದು. ಆರೋಗ್ಯವಾಗಿದ್ದರೆ ಗುಲಾಬಿ ಹಾಗೇ ಇರುತ್ತದೆ. ಬದಲಾದ ಜೀವಕೋಶ ಇದ್ದ ಕಡೆ, ನೋಡನೋಡುತ್ತ, ಅಂಚು ಕಟ್ಟಿದಂಥ ಬಿಳಿ ಮಚ್ಚೆ ಏಳುತ್ತದೆ. ಪ್ಯಾಪ್ ಅಥವಾ ಎಚ್‌ಪಿವಿಯಾದರೆ ದ್ರಾವಣದ ಬದಲು ಸಣ್ಣ ಬ್ರಷ್ಷಿನಿಂದ ಸುತ್ತ ಸವರುತ್ತಾರೆ. ಎಲ್ಲ ಸೇರಿ ಐದು ನಿಮಿಷ. ಆಮೇಲೆ ಒಂದು ದಿನ ಚೂರು ರಕ್ತದ ಕಲೆ ಕಂಡರೆ ಹೆದರಬೇಡಿ.

ಪರೀಕ್ಷೆ ಮಾಡುವವರು ಹೆಂಗಸೇ ಇರಲಿ ಅಂತ ಕೇಳುವ ಹಕ್ಕು ನಿಮಗಿದೆ. ಪರದೆ ಇಲ್ಲದಿದ್ದರೆ ಪರದೆ ಕೇಳಿ. ನೋವಾದರೆ ನಿಲ್ಲಿಸಿ ಅನ್ನಿ, ನಿಲ್ಲಿಸಲೇಬೇಕು. ಒರಟಾಗಿ ಮಾತಾಡಿಸಿಕೊಂಡು ಬಂದ ಹೆಂಗಸು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ತನ್ನ ಓರಗಿತ್ತಿಯನ್ನೂ ಹೋಗಬೇಡ ಅನ್ನುತ್ತಾಳೆ. ಇದನ್ನು ಓದುತ್ತಿರುವ ನರ್ಸ್‌ಗಳು, ಡಾಕ್ಟರುಗಳು ಇದ್ದರೆ ಈ ಮಾತು ಅವರಿಗೂ.

ಹೋಗುವ ದಿನ ನೋಡಿಕೊಳ್ಳಿ. ಮುಟ್ಟಾದ ದಿನದಿಂದ ಎಣಿಸಿ 10ರಿಂದ 20ನೇ ದಿನದೊಳಗೆ ಒಳ್ಳೆಯದು. ಹಿಂದಿನ ಎರಡು ದಿನ ಸಂಬಂಧ ಬೇಡ, ಒಳಗೆ ಇಡುವ ಮಾತ್ರೆ, ಕ್ರೀಮು ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದೂ ಬೇಡ.

ನಿಮ್ಮ ಹಳೆಯ ರಿಪೋರ್ಟಿನ ‘ಇನ್‌ಫ್ಲಮೇಟರಿ’ ಅನ್ನುವ ಮಾತು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ನ ಮುನ್ಸೂಚನೆಯೂ ಅಲ್ಲ. ಉರಿಯೂತ ಇದೆ ಅಂತ ಅಷ್ಟೇ. ನಮ್ಮ ಕಡೆ ಬರುವ ಪ್ಯಾಪ್ ರಿಪೋರ್ಟುಗಳಲ್ಲಿ ಬಹಳ ಕಂಡುಬರುವ ಮಾತು ಅದು. ಸೋಂಕಿದ್ದರೆ ಚಿಕಿತ್ಸೆ ಕೊಡುತ್ತಾರೆ, ಇಲ್ಲದಿದ್ದರೆ ಏನೂ ಬೇಕಿಲ್ಲ. ಆದರೆ ಸ್ರಾವ ಜಾಸ್ತಿ ಇದ್ದಾಗ ತೆಗೆದ ಸ್ಮಿಯರ್‌ನಲ್ಲಿ ಜೀವಕೋಶಗಳು ಸರಿಯಾಗಿ ಕಾಣದೆ ಹೋಗುವುದುಂಟು. ಅದಲ್ಲದೆ ಅದಕ್ಕೆ 5 ವರ್ಷವಾಯಿತು. ಹಾಗಾಗಿ ಈಗ ನಿಮಗೆ ಪರೀಕ್ಷೆಯ ಸಮಯ ಬಂದಿದೆ, ಮೀರಿಯೇ ಹೋಗಿದೆ.

ಈ ಸಲ ವಿಐಎ ಪಾಸಿಟಿವ್ ಅಂದರೆ ಅಲ್ಲೇ ಕುಸಿದು ಕೂರಬೇಡಿ. ಪಾಸಿಟಿವ್ ಬಂದ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಬರೀ ಉರಿಯೂತಕ್ಕೂ ಬಿಳಿ ಮಚ್ಚೆ ಬರಬಹುದು. ಮುಂದೆ ಕಾಲ್ಪೋಸ್ಕೋಪ್ ಅನ್ನುವ, ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ, ಬೇಕಾದರೆ ಬಯಾಪ್ಸಿ. ನಿಜವಾಗಿಯೂ ಬದಲಾವಣೆ ಇದ್ದರೆ ಸುಮಾರು 100 ಡಿಗ್ರಿಗೆ ಕಾಯಿಸಿದ ಸಣ್ಣ ತುದಿಯನ್ನು ಅಲ್ಲಿಗೆ ಕೆಲವು ಸೆಕೆಂಡು ಒತ್ತಿ ಆ ಪದರವನ್ನು ಸುಡುತ್ತಾರೆ. ಕೇಳಿದರೆ ಭಯವಾಗುತ್ತದೆ, ಆದರೆ ಆ ಜಾಗಕ್ಕೆ ಶಾಖದ ಅರಿವು ಕಡಿಮೆ. ಪ್ರಜ್ಞೆ ತಪ್ಪಿಸದೆ, ಹೊರರೋಗಿ ವಿಭಾಗದಲ್ಲೇ ಮಾಡಿ ಮನೆಗೆ ಕಳಿಸುತ್ತಾರೆ. ಒಳಗಿನವರೆಗೂ ಹಬ್ಬಿದ್ದರೆ ಲೀಪ್ ಅಂತ, ಕರೆಂಟಿನ ತಂತಿಯಿಂದ ಆ ಚೂರನ್ನು ಕತ್ತರಿಸಿ ತೆಗೆಯುತ್ತಾರೆ. ಗರ್ಭಕೋಶ ಅದರಷ್ಟಕ್ಕೆ ಉಳಿಯುತ್ತದೆ. ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದ ಮೇಲೆ ಭಯಕ್ಕೋ ಬಸ್‌ಚಾರ್ಜಿಗೋ ಮನೆ ಕೆಲಸಕ್ಕೋ ಮುಂದಿನ ಆಸ್ಪತ್ರೆಗೆ ಹೋಗದೆ ಉಳಿಯುವವರೇ ನಮ್ಮಲ್ಲಿ ಕೈತಪ್ಪಿ ಹೋಗುವುದು. ಆಶಾ ಅವರಿಗೆ ಮೊದಲೇ ಕೇಳಿಟ್ಟುಕೊಳ್ಳಿ: ಪಾಸಿಟಿವ್ ಬಂದರೆ ಎಲ್ಲಿಗೆ, ಯಾವ ದಿನ, ಯಾರ ಹತ್ತಿರ? ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಅವು ಬೇಕಾಗುತ್ತವೆ.

ಗರ್ಭಕೋಶ ತೆಗೆಸಿಬಿಡುವ ಮಾತಿಗೆ ನನ್ನ ಉತ್ತರ ಒಂದೇ: ಬೇಡ. ಬಿಳಿ ಸೆರಗು ಹೋಗುತ್ತಿದೆ, ಗರ್ಭಕೋಶದ ಬಾಯಿಯಲ್ಲಿ ಹುಣ್ಣಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿ 35, 38ರ ಹೆಂಗಸರ ಗರ್ಭಕೋಶ ತೆಗೆಯುವುದು ನಮ್ಮ ರಾಜ್ಯದಲ್ಲೂ ನಡೆದಿದೆ. ಹುಣ್ಣು ಅಂತ ಹೇಳುವುದು ಎಷ್ಟೋ ಸಲ ಹುಣ್ಣೇ ಅಲ್ಲ. ಒಳಗಿನ ಕೆಂಪು ಪದರ ಹೊರಗೆ ಕಾಣುತ್ತಿರುತ್ತದೆ, ಅಷ್ಟೇ. ಅದು ಕ್ಯಾನ್ಸರ್ ಆಗುವುದಿಲ್ಲ. ಆಪರೇಷನ್ ಆದವರಲ್ಲಿ ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು ಬೇಗ ಬರಬಹುದು. ಅದನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದಯದ ತೊಂದರೆಯ ಅಪಾಯ ಹೆಚ್ಚುತ್ತದೆ. ಇನ್ನೊಂದು ಮಾತು ಜನಕ್ಕೆ ಗೊತ್ತೇ ಇಲ್ಲ. ಪರೀಕ್ಷೆ ಮಾಡದೆ ಗರ್ಭಕೋಶ ತೆಗೆದು, ಆಮೇಲೆ ಬಯಾಪ್ಸಿಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇತ್ತು ಅಂತ ಗೊತ್ತಾದರೆ, ಆ ಮಾಮೂಲಿ ಆಪರೇಷನ್ ಹೆಚ್ಚಿನವರಲ್ಲಿ ಸಾಕಾಗಿರುವುದಿಲ್ಲ. ಮುಂದಿನ ಚಿಕಿತ್ಸೆ ಇನ್ನಷ್ಟು ಕಷ್ಟವಾಗುತ್ತದೆ. ಕ್ಯಾನ್ಸರ್‌ಗೆ ಮಾಡುವ ಆಪರೇಷನ್ನೇ ಬೇರೆ.

ನಿಮ್ಮ ಅಕ್ಕನಿಗೂ ಹೇಳಿ, ಡಿಸ್ಚಾರ್ಜ್ ಕಾರ್ಡ್ ಮತ್ತು ಬಯಾಪ್ಸಿ ರಿಪೋರ್ಟ್ ಹುಡುಕಿ ಡಾಕ್ಟರಿಗೆ ತೋರಿಸಲಿ. ಗರ್ಭಕೋಶದ ಜೊತೆ ಬಾಯಿಯನ್ನೂ ತೆಗೆದು, ಬಯಾಪ್ಸಿ ನಾರ್ಮಲ್ ಇದ್ದು, ಹಿಂದೆಯೂ ತೊಂದರೆ ಇರದಿದ್ದರೆ ಅವರಿಗೆ ಈ ಪರೀಕ್ಷೆ ಬೇಕಿಲ್ಲ. ಬಾಯಿ ಉಳಿಸಿದ್ದರೆ ನಿಮ್ಮ ಹಾಗೇ ಅವರಿಗೂ ಬೇಕು.

ಮಗಳಿಗೆ ಎಚ್‌ಪಿವಿ ಲಸಿಕೆ ಖಂಡಿತ ಹಾಕಿಸಿ, 12 ಅದಕ್ಕೆ ಸರಿಯಾದ ವಯಸ್ಸು. ವೈರಸ್ ತಗುಲುವ ಮೊದಲೇ ಹಾಕಿದರೆ ಮಾತ್ರ ಪೂರ್ತಿ ಫಲ. ಅದಕ್ಕೇ ಇಷ್ಟು ಚಿಕ್ಕವರಿಗೆ ಹಾಕುವುದು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು, ಹೊರದೇಶದ ಗಾರ್ಡಾಸಿಲ್ ಮೊದಲಿನಿಂದ ಇದೆ. 9ರಿಂದ 14 ವರ್ಷದೊಳಗೆ 6 ತಿಂಗಳ ಅಂತರದಲ್ಲಿ 2 ಡೋಸ್ ಕೊಡುವ ರೂಢಿ. ಒಂದು ಡೋಸ್ ಕೂಡ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು ಸುದ್ದಿ. ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿನಲ್ಲಿ ಲಸಿಕೆಗೆ ಅರ್ಹರಾಗಿದ್ದ ಹುಡುಗಿಯರ ಪೀಳಿಗೆ ದೊಡ್ಡದಾದ ಮೇಲೆ ನೋಡಿದಾಗ ಅವರಲ್ಲಿ ಈ ಕ್ಯಾನ್ಸರ್ 87 ಶೇಕಡಾ ಕಡಿಮೆ ಇತ್ತು. ನಿಮ್ಮ ವಯಸ್ಸಿಗೆ ಲಸಿಕೆಯಿಂದ ಸಿಗುವ ಲಾಭ ಬಹಳ ಕಡಿಮೆ, ಇರುವ ಸೋಂಕನ್ನು ಅದು ಓಡಿಸುವುದೂ ಇಲ್ಲ. ಆ ದುಡ್ಡನ್ನು ಎಚ್‌ಪಿವಿ ಪರೀಕ್ಷೆಗೆ ಹಾಕಿ. ಲಸಿಕೆ ಎಲ್ಲ ಬಗೆಯ ವೈರಸ್ಸನ್ನೂ ತಡೆಯುವುದಿಲ್ಲ, ಹಾಗಾಗಿ ಮಗಳೂ 30 ತುಂಬಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಲಸಿಕೆಯ ಕಾರ್ಡನ್ನು ಅವಳ ಶಾಲೆಯ ಸರ್ಟಿಫಿಕೇಟುಗಳ ಜೊತೆ ಇಟ್ಟುಬಿಡಿ, ಮದುವೆಯಾಗಿ ಬೇರೆ ಊರಿಗೆ ಹೋದರೂ ಅವಳ ಕೈಯಲ್ಲಿರಲಿ.